‘ಓನ್ಲಿ’ ಕಾಯುವ ಪೊಲೀಸರು

ಇಂಗ್ಲಿಷ್ ವ್ಯಾಕರಣ ಹೇಳಿಕೊಡುವವರಲ್ಲಿ ಒಂದು ಬಗೆಯ ಪೊಲೀಸರಿದ್ದಾರೆ. ಅವರ ಕಣ್ಣೆಲ್ಲ ‘ಓನ್ಲಿ’ ಎಂಬ ಪುಟ್ಟ ಪದದ ಮೇಲೆ. ಅದು ಯಾವ ಪದಕ್ಕೆ ಮಿತಿ ಹಾಕುತ್ತದೋ ಅದರ ಪಕ್ಕದಲ್ಲೇ ಕೂರಬೇಕು. ಒಂದು ಹೆಜ್ಜೆ ಆಚೀಚೆಯಾದರೂ ಕೆಂಪು ಶಾಯಿ. ಈಚೆಗೆ ಪರಿಚಯದ ಹುಡುಗಿಯೊಬ್ಬಳ ಉತ್ತರಪತ್ರಿಕೆ ನೋಡಿದೆ. ‘ಐ ಓನ್ಲಿ ಏಟ್ ಟೂ ಇಡ್ಲೀಸ್’ ಎಂದು ಬರೆದಿದ್ದಳು. ಅರ್ಧ ಅಂಕ ಹೋಗಿತ್ತು. ಜೊತೆಗೆ, ‘ತಿಂದೆ ಅಷ್ಟೇನಾ, ಬೇಯಿಸಲಿಲ್ಲವಾ?’ ಎಂಬ ವ್ಯಂಗ್ಯ ಬೇರೆ.

ಅವಳ ಮಾತು ಮೇಷ್ಟ್ರಿಗೆ ಅರ್ಥವಾಗಿರಲಿಲ್ಲವೆ? ಚೆನ್ನಾಗಿಯೇ ಆಗಿತ್ತು. ಅರ್ಥವಾಗಿಯೂ ಆಗದವರಂತೆ ನಟಿಸುವುದೇ ಈ ನಿಯಮದ ಬಂಡವಾಳ.

ನಿಯಮಕ್ಕೆ ಹುರುಳೇ ಇಲ್ಲ ಎನ್ನುತ್ತಿಲ್ಲ. ‘ಐ ಗೇವ್ ರವಿ ಟೆನ್ ರುಪೀಸ್’ ಎಂಬ ವಾಕ್ಯದ ಮೊದಲಿಗೆ ‘ಓನ್ಲಿ’ ಇಟ್ಟರೆ ಕೊಟ್ಟವನು ನಾನೊಬ್ಬನೇ. ರವಿಯ ಮುಂದಿಟ್ಟರೆ ಬೇರೆ ಯಾರಿಗೂ ಕೊಡಲಿಲ್ಲ. ಹತ್ತರ ಮುಂದಿಟ್ಟರೆ ಅದಕ್ಕಿಂತ ಹೆಚ್ಚು ಕೊಡಲಿಲ್ಲ. ಆದರೆ ಇಂಗ್ಲಿಷರು ಮಾತಾಡುವಾಗ ಅದನ್ನು ಸಾಮಾನ್ಯವಾಗಿ ಕ್ರಿಯಾಪದದ ಮುಂದೆಯೇ ಇಟ್ಟು, ಒತ್ತಬೇಕಾದ ಪದವನ್ನು ದನಿಯಲ್ಲಿ ಒತ್ತುತ್ತಾರೆ. ಬರಹದಲ್ಲಿ ಆ ಕೆಲಸವನ್ನು ಸಂದರ್ಭ ಮಾಡುತ್ತದೆ. 1926ರಷ್ಟು ಹಿಂದೆಯೇ ಎಚ್. ಡಬ್ಲ್ಯು. ಫೌಲರ್ ತನ್ನ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಈ ಸಹಜ ಜಾಗದ ಪರ ನಿಂತು, ತಪ್ಪು ಹುಡುಕುವವರನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಿದ್ದ. ಫೌಲರ್ ಸಡಿಲ ಬಿಡುವ ಆಸಾಮಿಯೇನಲ್ಲ. ಅವನೇ ಬಿಟ್ಟದ್ದನ್ನು ನಮ್ಮ ಮೇಷ್ಟ್ರುಗಳು ಇನ್ನೂ ಹಿಡಿದುಕೊಂಡಿದ್ದಾರೆ.

ಇನ್ನೊಂದು ತಮಾಷೆ ನೋಡಿ. ‘ಟೇಕ್ ಒನ್ ಟ್ಯಾಬ್ಲೆಟ್ ಓನ್ಲಿ ಆಫ್ಟರ್ ಫುಡ್’. ಒಂದೇ ಮಾತ್ರೆಯೋ, ಊಟವಾದ ಮೇಲೆ ಮಾತ್ರವೋ? ‘ಓನ್ಲಿ’ ಎರಡಕ್ಕೂ ಅಂಟಿಕೊಂಡೇ ಕೂತಿದೆ. ಪಕ್ಕದಲ್ಲಿರಬೇಕೆಂಬ ನಿಯಮ ಪಾಲನೆಯಾಗಿದೆ, ಗೊಂದಲ ಹಾಗೇ ಉಳಿದಿದೆ. ಇಲ್ಲಿ ಪದದ ಜಾಗವನ್ನಲ್ಲ, ಇಡೀ ವಾಕ್ಯವನ್ನೇ ಬದಲಿಸಬೇಕು.

ನನ್ನ ನಿಜವಾದ ತಕರಾರು ಬೇರೆ. ಇಡ್ಲಿಯ ಮೇಲೆ ಕೆಂಪು ಶಾಯಿ ಸುರಿಯುವವರು ಕನ್ನಡದ ಮಕ್ಕಳು ಎಡವುವ ಜಾಗವನ್ನು ನೋಡುವುದೇ ಇಲ್ಲ. ನೋಡಿದರೂ ನಕ್ಕು ಮುಂದೆ ಹೋಗುತ್ತಾರೆ. ನಮ್ಮ ‘ಮಾತ್ರ’, ‘ಅಷ್ಟೇ’ಗಳು ಪದದ ಹಿಂದೆ ಬರುತ್ತವೆ. ‘ಏ’ ಅಂತೂ ಪದಕ್ಕೇ ಅಂಟಿಬಿಡುತ್ತದೆ. ‘ಹಿ ಈಸ್ ಲೈಕ್ ದಟ್ ಓನ್ಲಿ’ ಎಂಬಲ್ಲಿ ಕೊನೆಗೆ ಕೂತಿರುವುದು ಇಂಗ್ಲಿಷಿನ ‘ಓನ್ಲಿ’ಯಲ್ಲ, ‘ಅವನಿರೋದೇ ಹಾಗೆ’ ಎಂಬಲ್ಲಿನ ನಮ್ಮ ‘ಏ’. ಹಿಂದಿಯವರ ‘ಹೀ’ ಮಾಡುವುದೂ ಇದನ್ನೇ. ನಮ್ಮ ನಮ್ಮೊಳಗೆ ಇದು ಸೊಗಸಾಗಿ ನಡೆಯುತ್ತದೆ, ನಾನಂತೂ ಬಿಡಲಾರೆ.

ತೊಂದರೆಯೆಂದರೆ ‘ಏ’ ಎಲ್ಲ ಕಡೆಯೂ ‘ಓನ್ಲಿ’ ಅಲ್ಲ. ‘ರಾಮನೇ ಬಂದ’ ಎಂದರೆ ಖುದ್ದು ರಾಮ ಬಂದ ಎಂದಾಗಬಹುದು. ಜೊತೆಗೆ ನಾಲ್ಕು ಜನ ಬಂದಿದ್ದರೂ ಮಾತು ಸುಳ್ಳಾಗುವುದಿಲ್ಲ. ‘ರಾಮ ಮಾತ್ರ ಬಂದ’ ಎಂದರೆ ಬೇರೆ ಯಾರೂ ಇಲ್ಲ. ‘ಅವನೇ ಹೇಳಿದ’ ಎಂಬುದನ್ನು ‘ಹಿ ಓನ್ಲಿ ಟೋಲ್ಡ್ ಮಿ’ ಎಂದು ಬರೆದರೆ ಹೊರಗಿನವರು ‘ಬರೀ ಹೇಳಿದ, ಮತ್ತೇನೂ ಮಾಡಲಿಲ್ಲ’ ಎಂದು ಓದಬಹುದು.

ಇದಕ್ಕಿಂತ ಕೆಟ್ಟದ್ದು ಹೊತ್ತಿನ ಲೆಕ್ಕ. ‘ದುಡ್ಡು ನಿನ್ನೆಯೇ ಕಳಿಸಿದೆ’ ಎಂದರೆ ತಡಮಾಡಲಿಲ್ಲ, ಆಗಲೇ ಕಳಿಸಿದ್ದೇನೆ ಎಂದು. ಅದನ್ನೇ ‘ಐ ಸೆಂಟ್ ದ ಮನಿ ಎಸ್ಟರ್ಡೇ ಓನ್ಲಿ’ ಎಂದು ಬರೆಯಿರಿ. ಲಂಡನ್ನಿನಲ್ಲಿ ಕೂತು ಓದುವವನಿಗೆ ಅದು ‘ನಿನ್ನೆಯಷ್ಟೇ ಕಳಿಸಿದೆ, ಅಲ್ಲಿಯವರೆಗೆ ಕಳಿಸಿರಲಿಲ್ಲ’ ಎಂದು ಕೇಳಿಸುತ್ತದೆ. ಬೇಗ ಕೊಟ್ಟೆ ಎಂದವನು ತಡ ಮಾಡಿದ್ದನ್ನು ಒಪ್ಪಿಕೊಂಡಂತಾಯಿತು! ಇಲ್ಲಿ ‘ಓನ್ಲಿ’ಯನ್ನು ವಾಕ್ಯದ ಯಾವ ಮೂಲೆಗೆ ಸರಿಸಿದರೂ ಪ್ರಯೋಜನವಿಲ್ಲ. ಬೇಕಾದ ಪದ ‘ಆಲ್ರೆಡಿ’.

ಇದನ್ನು ಕಲಿಸಲು ದಪ್ಪ ವ್ಯಾಕರಣ ಪುಸ್ತಕವೇನೂ ಬೇಡ. ಕಪ್ಪುಹಲಗೆಯ ಮೇಲೆ ‘ನಿನ್ನೆಯೇ’, ‘ನಿನ್ನೆಯಷ್ಟೇ’ ಎಂದು ಕನ್ನಡದಲ್ಲೇ ಬರೆದು, ಎರಡಕ್ಕೂ ಇಂಗ್ಲಿಷಿನಲ್ಲಿ ಏನನ್ನುತ್ತೀರಿ ಎಂದು ಮಕ್ಕಳನ್ನು ಕೇಳಿದರಾಯಿತು. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಬರೆಯಲು ಆ ಮೇಷ್ಟ್ರಿಗೆ ಅನುಮತಿ ಇದೆಯೆ?