ಸಿಇಟಿ ಲೆಕ್ಕ ಹತ್ತನೇ ಕ್ಲಾಸಿನಲ್ಲೇ ತಿಳಿಯಲಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ನಮ್ಮ ಅಟ್ಟೂರಿನಲ್ಲಿ ಪೋಷಕರು ಮೊದಲು ಕೇಳುವುದು ‘ಕೋಚಿಂಗ್ ಎಲ್ಲಿ ಚೆನ್ನಾಗಿದೆ?’ ಎಂದು. ಬಿಇ ಓದುತ್ತಿರುವ ನನ್ನ ಹತ್ತಿರವೂ ಈ ಪ್ರಶ್ನೆ ಬರುತ್ತದೆ. ಆದರೆ ಯಾವ ಕೋರ್ಸಿಗೆ ಯಾವ ಪರೀಕ್ಷೆ, ಅದರ ರ‍್ಯಾಂಕ್ ಹೇಗೆ ನಿರ್ಧಾರವಾಗುತ್ತದೆ ಎಂದು ಕೇಳುವವರು ಕಡಿಮೆ. ಇದು ತಿಳಿಯದೆ ಸಾಲ ಮಾಡಿ ಫೀಸು ಕಟ್ಟುವ ಮನೆಗಳಿವೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ; ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಹಾಗಲ್ಲ: ಸರಿಯಾದರೆ 4 ಅಂಕ, ತಪ್ಪಾದರೆ 1 ಅಂಕ ಹೋಗುತ್ತದೆ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ದರೆ ನಷ್ಟವೇ.

ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ ಮಾತ್ರ. ಉಳಿದರ್ಧ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ. ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 285, ಸಿಇಟಿಯಲ್ಲಿ 180ಕ್ಕೆ 90 ಬಂತು ಎನ್ನಿ. ಅವಳ ಒಟ್ಟು 47.5 ಮತ್ತು 25, ಅಂದರೆ 72.5. ಇನ್ನೊಬ್ಬನಿಗೆ ಪಿಯುಸಿಯಲ್ಲಿ 210, ಸಿಇಟಿಯಲ್ಲಿ 120. ಅವನ ಒಟ್ಟು ಸುಮಾರು 68.3. ಸಿಇಟಿಯಲ್ಲಿ 30 ಅಂಕ ಹಿಂದಿದ್ದವಳೇ ರ‍್ಯಾಂಕ್‌ನಲ್ಲಿ ಮುಂದೆ! ಪಿಯುಸಿಯ 5 ಅಂಕ ಸಿಇಟಿಯ 3 ಅಂಕಕ್ಕೆ ಸಮ. ‘ಬೋರ್ಡ್ ಪರೀಕ್ಷೆ ಪಾಸಾದರೆ ಸಾಕು’ ಎಂಬ ಮಾತನ್ನು ನಂಬುವ ಮೊದಲು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಕೋಚಿಂಗ್‌ಗೆ ದುಡ್ಡಿಲ್ಲದ ಮನೆಯ ಮಕ್ಕಳಿಗೆ ಪಠ್ಯಪುಸ್ತಕವೇ ಅರ್ಧ ದಾರಿ ದಾಟಿಸುತ್ತದೆ.

ಇದನ್ನು ಹೈಸ್ಕೂಲಿನಲ್ಲೇ ಹೇಳಬೇಕು ಎನ್ನುವುದಕ್ಕೆ ಕಾರಣವಿದೆ. ಪಿಯುಗೆ ಸೇರುವ ದಿನವೇ ಕಾಂಬಿನೇಷನ್ ಆರಿಸಬೇಕು. ನಮ್ಮ ಅಟ್ಟೂರಿಗೆ ಹತ್ತಿರದಲ್ಲೇ ಜಿಕೆವಿಕೆ ಇದೆ. ಅಲ್ಲಿನ ಬಿ.ಎಸ್ಸಿ. ಕೃಷಿ ಸೀಟೂ ಸಿಇಟಿ ಮೂಲಕವೇ ಸಿಗುತ್ತದೆ. ಅದಕ್ಕೆ ಜೀವವಿಜ್ಞಾನ ಬೇಕು. ಗೆಳೆಯರೆಲ್ಲ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡರೆಂದು ಪಿಸಿಎಂಸಿ ಸೇರಿದವರಿಗೆ ಈ ಬಾಗಿಲು ಮುಚ್ಚಿದ್ದು ಎರಡು ವರ್ಷದ ನಂತರ ಗೊತ್ತಾಗುತ್ತದೆ.

ಮೀಸಲಾತಿಯ ಮಾತೂ ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15 ಸೀಟು ಮೀಸಲು. ಅರ್ಜಿಯಲ್ಲಿ ಅದನ್ನು ಕೇಳಿಕೊಳ್ಳಬೇಕು, ವ್ಯಾಸಂಗ ಪ್ರಮಾಣಪತ್ರ ಸಿದ್ಧವಿರಬೇಕು. ಇಂಗ್ಲಿಷ್ ಬರುವುದಿಲ್ಲವೆಂದು ಅಳುಕುವ ಸರ್ಕಾರಿ ಶಾಲೆಯ ಹುಡುಗಿಗೆ ತನ್ನ ಕನ್ನಡ ಮಾಧ್ಯಮವೇ ಒಂದು ಹಕ್ಕು ಎಂದು ಹೇಳುವವರು ಬೇಕಲ್ಲವೇ?

ಕೊನೆಯದು ಆಪ್ಷನ್ ಎಂಟ್ರಿ. ಪಟ್ಟಿಯಲ್ಲಿ ಮೇಲಿರುವ ಸೀಟು ಸಿಕ್ಕರೆ ಅದರ ಕೆಳಗಿನವು ತಾವಾಗಿಯೇ ರದ್ದಾಗುತ್ತವೆ. ಆದ್ದರಿಂದ ‘ಸಿಗಬಹುದು’ ಎನಿಸಿದ್ದನ್ನಲ್ಲ, ನಿಜಕ್ಕೂ ಬೇಕಾದದ್ದನ್ನೇ ಮೊದಲು ಬರೆಯಬೇಕು. ಸೈಬರ್ ಸೆಂಟರ್‌ನವರ ಕೈಗೆ ಪಾಸ್‌ವರ್ಡ್ ಕೊಟ್ಟು ಬರುವ ಕೆಲಸ ಇದಲ್ಲ.

ಇದನ್ನೆಲ್ಲ ಹೇಳಲು ಒಂದು ಪೀರಿಯಡ್ ಸಾಕು. ಪ್ರತಿ ಪ್ರೌಢಶಾಲೆ ಹತ್ತನೇ ತರಗತಿಗೆ ವರ್ಷಕ್ಕೊಮ್ಮೆ ಇಂಥ ಪಾಠ ಮಾಡಲಿ. ಶಿಕ್ಷಕರಿಗೆ ಬಿಡುವಿಲ್ಲದಿದ್ದರೆ ಈಗಷ್ಟೇ ಈ ದಾರಿ ದಾಟಿ ಬಂದ ನಾವಿದ್ದೇವೆ. ಬಿಇ, ಬಿ.ಎಸ್ಸಿ. ಓದುತ್ತಿರುವ ನಾವು ರಜೆಯಲ್ಲಿ ನಮ್ಮ ಹಳೆಯ ಶಾಲೆಗೆ ಹೋಗಿ, ಒಂದು ಬೋರ್ಡು, ಒಂದು ಸೀಮೆಸುಣ್ಣ ಹಿಡಿದು ಈ ಲೆಕ್ಕ ಬರೆದು ತೋರಿಸಬಹುದು. ಯಾರದೋ ಮನೆಯ ಸಾಲ ಅಷ್ಟರಿಂದಲೇ ತಪ್ಪೀತು.