ಮಣ್ಣಿನ ಮೂಲಧನ

ಮೂಲಧನವನ್ನೇ ಕರಗಿಸಿ ಉಣ್ಣುವ ಮನೆಯು ಎಷ್ಟೇ ಸಿರಿವಂತವಾಗಿದ್ದರೂ ಬಹುಕಾಲ ನಿಲ್ಲಲಾರದು. ಹಣಕಾಸಿನ ಈ ನಿಯಮವು ಔಷಧಗಳಿಗೂ ಅನ್ವಯಿಸುವುದೆಂಬ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಬೆಳೆಗಳನ್ನು ಶಿಲೀಂಧ್ರ ರೋಗಗಳಿಂದ ಕಾಪಾಡಲು ಬ್ಯಾಕ್ಟೀರಿಯಾಗಳೇ ನೀಡಿರುವ ನೈಸರ್ಗಿಕ ಪದಾರ್ಥಗಳ ಇತಿಹಾಸವು ಇದನ್ನು ಚೆನ್ನಾಗಿ ಮನಗಾಣಿಸುತ್ತದೆ.

ಮೊದಲ ಮಳೆಗೆ ಏಳುವ ಮಣ್ಣಿನ ಕಂಪನ್ನು ಯಾವ ಊರಿಗೆ ಬಂದು ನೆಲೆಸಿದರೂ ನಾವು ಮರೆಯಲಾರೆವು. ಆ ಕಂಪಿಗೆ ಮುಖ್ಯ ಕಾರಣ ಸ್ಟ್ರೆಪ್ಟೊಮೈಸಿಸ್ ಮೊದಲಾದ ಮಣ್ಣಿನ ಬ್ಯಾಕ್ಟೀರಿಯಾಗಳು. ನೆಲದೊಳಗೆ ಆಹಾರಕ್ಕಾಗಿ ನಡೆಯುವ ನಿರಂತರ ಹೋರಾಟದಲ್ಲಿ ಇವು ಸ್ರವಿಸುವ ಕೆಲವು ಪದಾರ್ಥಗಳು ನೆರೆಯ ಶಿಲೀಂಧ್ರಗಳನ್ನು, ಅಂದರೆ ಬೂಷ್ಟಿನ ಜಾತಿಯ ಜೀವಿಗಳನ್ನು, ತಡೆಯುತ್ತವೆ. 1965ರಲ್ಲಿ ಜಪಾನಿನ ವಿಜ್ಞಾನಿ ಹಮಾವೊ ಉಮೆಜಾವಾ ಹಾಗೂ ಅವರ ಸಂಗಡಿಗರು ನಾರಾ ನಗರದ ಕಸುಗಾ ದೇವಾಲಯದ ಮಣ್ಣಿನಲ್ಲಿ ದೊರೆತ ಇಂತಹ ಒಂದು ಬ್ಯಾಕ್ಟೀರಿಯಾದಿಂದ ‘ಕಸುಗಾಮೈಸಿನ್’ ಎಂಬ ಔಷಧವನ್ನು ಬೆಳಕಿಗೆ ತಂದರು. ಭತ್ತದ ಬೆಂಕಿ ರೋಗಕ್ಕೆ ಅದು ರಾಮಬಾಣವೆನಿಸಿತು.

ನಮ್ಮ ದೇಶವೂ ಈ ಕ್ಷೇತ್ರದಲ್ಲಿ ಹಿಂದೆ ಬಿದ್ದಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಡಾ. ಎಂ. ಜೆ. ತಿರುಮಲಾಚಾರ್ ಅವರು ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಸಂಸ್ಥೆಯ ಸಂಶೋಧನಾ ವಿಭಾಗವನ್ನು ಮುನ್ನಡೆಸಿದರು. ಮನುಷ್ಯರ ಶಿಲೀಂಧ್ರ ಸೋಂಕಿಗೆ ‘ಹಮೈಸಿನ್’, ಬೆಳೆಗಳಿಗೆ ‘ಆರಿಯೊಫಂಗಿನ್’ – ಎರಡೂ ಅಲ್ಲಿಯೇ ಮಣ್ಣಿನ ಸೂಕ್ಷ್ಮಜೀವಿಗಳಿಂದ ಹೊರಬಂದವು. ದೇಹದ ಆರೋಗ್ಯವೂ ಹೊಲದ ಆರೋಗ್ಯವೂ ಒಂದೇ ಬೊಕ್ಕಸವನ್ನು ಆಶ್ರಯಿಸಿವೆಯೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಆದರೆ ಆ ಬೊಕ್ಕಸವು ಅಕ್ಷಯವಲ್ಲ. ಕಸುಗಾಮೈಸಿನ್ನನ್ನೇ ನೆಚ್ಚಿಕೊಂಡ ಜಪಾನಿನ ಗದ್ದೆಗಳಲ್ಲಿ 1970ರ ದಶಕದಲ್ಲಿಯೇ ಅದಕ್ಕೆ ಜಗ್ಗದ ಶಿಲೀಂಧ್ರಗಳು ತಲೆಯೆತ್ತಿದವು. ಬಳಕೆಯನ್ನು ತಗ್ಗಿಸಿದ ಮೇಲೆ ಅವುಗಳ ಪ್ರಮಾಣವೂ ಇಳಿಯಿತು. ಕಾರ್ಖಾನೆಯಲ್ಲಿ ತಯಾರಾಗುವ ‘ಏಜೋಲ್’ ವರ್ಗದ ಔಷಧಗಳ ಕಥೆ ಇನ್ನೂ ಆತಂಕಕಾರಿ. ಇವು ಹೊಲಕ್ಕೂ ಆಸ್ಪತ್ರೆಗೂ ಸಮಾನ. ಇವುಗಳಿಗೆ ಮಣಿಯದ ಆಸ್ಪರ್ಜಿಲಸ್ ಎಂಬ ಬೂಷ್ಟು ನೆದರ್ಲೆಂಡ್ಸ್‌ನಲ್ಲಿ ರೋಗಿಗಳ ಶ್ವಾಸಕೋಶಗಳಲ್ಲಿ ಕಂಡುಬಂದಾಗ, ವಿಜ್ಞಾನಿಗಳ ಬೆರಳು ಕೃಷಿಯ ಕಡೆಗೂ ತಿರುಗಿತು. ಕ್ಷಯರೋಗಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ನನ್ನು ಬೆಳೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ನಮ್ಮ ಕೇಂದ್ರ ಸರಕಾರವು 2021ರ ಆದೇಶದಿಂದ, 2024ರ ಆರಂಭದಿಂದ ಜಾರಿಗೆ ಬರುವಂತೆ ನಿಷೇಧಿಸಿದ್ದು ಸರ್ವಥಾ ಸ್ವಾಗತಾರ್ಹ.

ಹಾಗಾದರೆ ರೈತನಿಗೆ ಗತಿಯೇನು? ನನ್ನ ಅಭಿಪ್ರಾಯದಲ್ಲಿ, ಔಷಧವನ್ನು ಹಿಂಡಿ ತೆಗೆದು ಸುರಿಯುವುದಕ್ಕಿಂತ, ಅದನ್ನು ತಯಾರಿಸುವ ಜೀವಿಯನ್ನೇ ಬೇರಿನ ಬಳಿ ನೆಲೆಗೊಳಿಸುವುದು ಮೇಲು. ಸೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾಗಳ ಪುಡಿಯನ್ನು ಸಾಮಾನ್ಯವಾಗಿ ಕಿಲೋ ಬೀಜಕ್ಕೆ 10 ಗ್ರಾಂನಂತೆ ಲೇಪಿಸುವರು. ಇವು ಒಂದಲ್ಲ, ಹಲವು ಬಗೆಯ ಶಿಲೀಂಧ್ರನಾಶಕಗಳನ್ನು ಸ್ವಲ್ಪಸ್ವಲ್ಪವಾಗಿ ಸ್ರವಿಸುವುದರಿಂದ ರೋಗವು ಅವುಗಳಿಗೆ ಒಗ್ಗಿಕೊಳ್ಳುವುದು ಕಷ್ಟ. ಇದು ಬಡ್ಡಿಯಲ್ಲಿ ಬಾಳುವ ಕ್ರಮ.

ಇದು ಎಲ್ಲ ರೋಗಕ್ಕೂ ಮದ್ದೆಂದು ಹೇಳಲಾರೆ. ಮಲೆನಾಡಿನ ಜಡಿಮಳೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಇಂದಿಗೂ ಬೋರ್ಡೋ ದ್ರಾವಣವೇ ಆಸರೆ. ಅಲ್ಲದೆ ಜೀವಂತ ಸರಕು ಬಿಸಿಲಿಗೆ, ಕಾಲಕ್ಕೆ ಸಾಯುತ್ತದೆ. ಸತ್ತ ಪುಡಿಯನ್ನು ಕೊಂಡ ರೈತನು ಮರುವರ್ಷ ವಿಜ್ಞಾನವನ್ನೇ ನಂಬಲಾರನು. ಆದುದರಿಂದ ಮಾರಾಟದ ಪೊಟ್ಟಣಗಳನ್ನು ಆಗಾಗ್ಗೆ ಪರೀಕ್ಷಿಸುವುದು, ಸಹಕಾರ ಸಂಘಗಳು ಅವನ್ನು ತಂಪಿನಲ್ಲಿಡುವುದು, ಬೆಳೆಸಾಲದ ಲೆಕ್ಕದಲ್ಲಿ ಇವುಗಳ ವೆಚ್ಚಕ್ಕೂ ಕೀಟನಾಶಕದಷ್ಟೇ ಸ್ಥಾನ ನೀಡುವುದು – ಈ ಮೂರೂ ಆಗಲೇಬೇಕು.

ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ಹಿರಿಯರ ಜಮೀನಿದೆ. ರಜೆಗೆ ಹೋದಾಗ ಫಸಲಿನ ಲೆಕ್ಕ ಕೇಳುವುದರ ಜೊತೆಗೆ, ಯಾವ ಮದ್ದು ಹೊಡೆಯಲಾಯಿತು, ಪೊಟ್ಟಣದ ಮೇಲಿನ ಅವಧಿ ಎಂದಿಗೆ ಮುಗಿಯಿತು ಎಂಬುದನ್ನೂ ವಿಚಾರಿಸೋಣ. ಮಣ್ಣಿನ ಈ ಮೂಲಧನವನ್ನು ಮುಂದಿನ ಪೀಳಿಗೆಗೆ ಮುಕ್ಕಾಗದಂತೆ ದಾಟಿಸುವ ಹೊಣೆ ನಮ್ಮದೂ ಆಗಿದೆ.