ಮೊದಲು ಕಿವಿಯೋ, ಪ್ರಸ್ತಾರವೋ?

ಸಾಗರ, ಹೊಸನಗರ, ತೀರ್ಥಹಳ್ಳಿ. ಈ ಮೂರು ಹೆಸರುಗಳಿಗೆ ಪ್ರಸ್ತಾರ ಹಾಕಿ, ಎಂದರೆ ಗುರು-ಲಘು ಗುರುತಿಸಿ ನೋಡಿ. ‘ಸಾಗರ’ದಲ್ಲಿ ಒಂದು ಗುರು, ಎರಡು ಲಘು, ನಾಲ್ಕು ಮಾತ್ರೆ. ‘ಹೊಸನಗರ’ದಲ್ಲಿ ಐದೂ ಲಘು, ಐದು ಮಾತ್ರೆ. ‘ತೀರ್ಥಹಳ್ಳಿ’ ಗುರು-ಲಘು, ಗುರು-ಲಘು; ಮೂರು ಮಾತ್ರೆಯ ಎರಡು ಗಣ. ಸಾಗರವನ್ನು ನಾಲ್ಕು ಸಲ ಹೇಳಿದರೆ ಮಂದಾನಿಲ ರಗಳೆಯ ಅಳತೆ, ಹೊಸನಗರವನ್ನು ನಾಲ್ಕು ಸಲ ಹೇಳಿದರೆ ಲಲಿತ ರಗಳೆಯದು, ತೀರ್ಥಹಳ್ಳಿಯನ್ನು ಎರಡು ಸಲ ಹೇಳಿದರೆ ಉತ್ಸಾಹ ರಗಳೆಯದು. ರಗಳೆಯ ಮೂರು ಬಗೆಯೂ ಈ ಸೀಮೆಯ ಬಸ್ಸಿನ ಬೋರ್ಡುಗಳಲ್ಲೇ ಇವೆ.

ಹಾಗಿದ್ದೂ ಪ್ರೌಢಶಾಲೆಯ ಮಕ್ಕಳಿಗೆ ಛಂದಸ್ಸೆಂದರೆ ಅಳುಕು. ಅದನ್ನು ಹೇಗೆ ಶುರು ಮಾಡಬೇಕು ಎಂಬುದರಲ್ಲಿ ಕನ್ನಡ ಮೇಷ್ಟ್ರುಗಳು ಒಮ್ಮತಕ್ಕೆ ಬಂದಿಲ್ಲ.

ನಿಯಮವೇ ಮೊದಲು ಎನ್ನುವವರ ವಾದ ಗಟ್ಟಿಯಾಗಿದೆ. ದೀರ್ಘಾಕ್ಷರ, ಅನುಸ್ವಾರ-ವಿಸರ್ಗವಿರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂಬುದನ್ನು ಯಾವ ಮಗುವಿಗಾದರೂ ಕಲಿಸಬಹುದು. ಅಪ್ಪ ಅಮ್ಮ ತೋಟದ ಕೂಲಿಗೆ ಹೋಗುವ, ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಹುಡುಗಿಯೂ ಇದರಲ್ಲಿ ಹಿಂದೆ ಬೀಳಬೇಕಾಗಿಲ್ಲ. ಪದ್ಯದ ಸಾರಾಂಶ ಬರೆಯಲು ತಡವರಿಸುವವರಿಗೆ ಎಸ್ಸೆಸ್ಸೆಲ್ಸಿಯಲ್ಲಿ ಪ್ರಸ್ತಾರದ ಅಂಕ ದೊಡ್ಡ ಆಸರೆ. ಇದನ್ನು ಹಗುರವಾಗಿ ಕಾಣುವವರು ಆ ಮಕ್ಕಳ ಕಷ್ಟ ಅರಿತವರಲ್ಲ.

ಆದರೆ ‘ಹಳ್ಳಿ’ ಎಂದು ಬರೆದುಕೊಟ್ಟು ಗುರುತು ಹಾಕಲು ಹೇಳಿ. ಎಷ್ಟೋ ಮಕ್ಕಳು ಗುರುವಿನ ಗೆರೆಯನ್ನು ‘ಳ್ಳಿ’ಯ ಮೇಲೆ ಎಳೆಯುತ್ತಾರೆ. ಒತ್ತಕ್ಷರ ಎಂಬ ಮಾತು ನೆನಪಿದೆ, ಅದರ ಹಿಂದಿನದು ಎಂಬುದು ಮರೆತಿದೆ. ‘ಹಳ್... ಳಿ’ ಎಂದು ಬಾಯಿಬಿಟ್ಟು ಹೇಳಿಸಿದರೆ ಭಾರ ಎಲ್ಲಿ ಬೀಳುತ್ತದೆಂದು ಅವರಿಗೇ ತಿಳಿಯುತ್ತದೆ.

ಕಿವಿಯೇ ಮೊದಲು ಎನ್ನುವವರು ಹಿಡಿಯುವುದು ಇದನ್ನೇ. ಈ ಕಡೆಯ ಯಕ್ಷಗಾನ, ತಾಳಮದ್ದಳೆಗಳಲ್ಲಿ ಭಾಗವತರು ಭಾಮಿನಿ, ವಾರ್ಧಕ ಷಟ್ಪದಿಗಳನ್ನು ಇಂದಿಗೂ ಹಾಡುತ್ತಾರೆ. ಶಿವಮೊಗ್ಗದ ಬಳಿಯ ಹೊಸಹಳ್ಳಿ ಗಮಕದ ಊರು. ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ರಂಗಸಂಸ್ಥೆ ಇದೆ. ಭಾಮಿನಿಯಲ್ಲಿ ಹದಿನಾಲ್ಕು ಮಾತ್ರೆಯ ಎರಡು ಸಾಲು ಮುಗಿದ ಮೇಲೆ ಮೂರನೆಯದು ಇಪ್ಪತ್ತಮೂರು ಮಾತ್ರೆಗೆ ಚಾಚುತ್ತದೆ. ಕೇಳಿ ಬೆಳೆದ ಮಗು ಆ ಚಾಚುವಿಕೆಗೆ ಕಾಯುತ್ತದೆ, ಲೆಕ್ಕ ಬೇಕಾಗುವುದಿಲ್ಲ.

ಇದಕ್ಕೂ ಮಿತಿಯಿದೆ. ರಾತ್ರಿ ಆಟ ನೋಡುವ ರೂಢಿ ಎಲ್ಲ ಮನೆಗಳಲ್ಲಿಲ್ಲ; ಅದನ್ನೇ ನೆಚ್ಚಿದರೆ ಮನೆಯಲ್ಲಿ ಪಡೆದು ಬಂದವರಿಗೇ ಮತ್ತೆ ಬಡಿಸಿದಂತೆ. ಅದಕ್ಕಿಂತ ಮುಖ್ಯವಾಗಿ, ರಾಗಕ್ಕೆ ಹಚ್ಚಿದಾಗ ಭಾಗವತರು ಲಘುವನ್ನೂ ಎಳೆಯುತ್ತಾರೆ. ರಾಗ ಕೇಳಿ ಮಾತ್ರೆ ಎಣಿಸಲು ಹೊರಟ ಮಗು ದಾರಿ ತಪ್ಪುತ್ತದೆ. ಹಾಡು ಚೆನ್ನಾಗಿತ್ತು ಎಂಬ ಖುಷಿಯಲ್ಲಿ ಅರ್ಥ ಕೈಬಿಟ್ಟು ಹೋಗುವುದೂ ಉಂಟು.

ಹೊಸ ಕಾವ್ಯದ ಪಾಠದಲ್ಲಿ ಎರಡೂ ಪಕ್ಷಗಳಿಗೆ ಪರೀಕ್ಷೆ. ಕುಪ್ಪಳಿಯ ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ವಾಕ್ಯವನ್ನು ಸಾಲಿನ ಕೊನೆಯಲ್ಲಿ ನಿಲ್ಲಿಸದೆ ಹರಿಯಬಿಟ್ಟರು. 1960ರ ದಶಕದಲ್ಲಿ ಸಾಗರದ ಲಾಲ್ ಬಹಾದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರು ಮಾತ್ರಾಲಯದಲ್ಲಿ ಕೈ ಪಳಗಿಸಿಕೊಂಡ ಮೇಲೆಯೇ ಅದನ್ನು ಮುರಿದದ್ದು. ಆ ಮುರಿತ ಕೇಳಿಸಬೇಕಾದರೆ ಅಳತೆಯ ಪರಿಚಯ ಇರಲೇಬೇಕು. ಇಲ್ಲಿ ನಿಯಮದವರ ತಕ್ಕಡಿ ತುಸು ತೂಗುತ್ತದೆ.

ನನ್ನ ಮತ ಕಿವಿಯ ಕಡೆಗೇ, ಒಂದು ಷರತ್ತಿನ ಮೇಲೆ: ರಾಗವಿಲ್ಲದೆ, ಗಟ್ಟಿಯಾಗಿ ಓದಿ, ಕೈತಟ್ಟಿ ಕಲಿಸಬೇಕು. ಎಂಟನೆಯ ತರಗತಿಯಲ್ಲಿ ಓದು ಮತ್ತು ಕೈತಟ್ಟು ಸಾಕು. ಗೆರೆ, ಗಣ, ಲಕ್ಷಣ ಒಂಬತ್ತರಿಂದ ಬರಲಿ. ಹತ್ತನೆಯ ತರಗತಿಯ ಪ್ರಸ್ತಾರದ ಪ್ರಶ್ನೆಯನ್ನು ತೆಗೆಯುವುದು ಬೇಡ. ಅದರ ಜೊತೆಗೆ, ಈ ಅಳತೆಯಿಂದ ಈ ಪದ್ಯಕ್ಕೆ ಏನು ಒದಗಿತು ಎಂದು ಎರಡು ವಾಕ್ಯ ಬರೆಯಲು ಕೇಳಿ, ಅದಕ್ಕೂ ಅಂಕ ಇಡಿ. ಪ್ರಶ್ನೆಪತ್ರಿಕೆ ರೂಪಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ.